ಬೂದು ಬಣ್ಣದ ನವಿಲು

ಕೇಳುಗರಿಗೆ ನಮಸ್ಕಾರ.

1951ರ ಜೂನ್ 25, ಸೋಮವಾರ. ನ್ಯೂಯಾರ್ಕಿನಲ್ಲಿ ಸಂಜೆ ನಾಲ್ಕೂವರೆ ಗಂಟೆ. ಸಿಬಿಎಸ್ ಎಂಬ ದೊಡ್ಡ ಪ್ರಸಾರ ಸಂಸ್ಥೆ ಅಮೆರಿಕದ ಮೊದಲ ವಾಣಿಜ್ಯ ವರ್ಣ ಪ್ರಸಾರವನ್ನು ಆರಂಭಿಸಿತು. ಎಡ್ ಸಲಿವನ್, ಆರ್ಥರ್ ಗಾಡ್‌ಫ್ರಿಯಂಥ ಮನೆಮಾತಾಗಿದ್ದ ಕಲಾವಿದರು, ಹಾಡು, ಕುಣಿತ, ಜಾಹೀರಾತು, ಎಲ್ಲವೂ ಬಣ್ಣದಲ್ಲಿ ಪೂರ್ವ ಕರಾವಳಿಯ ಐದು ನಗರಗಳಿಗೆ ಹೋದವು. ಎಲೆ ಹಾಕಿ ಹದಿನಾರು ಬಗೆ ಬಡಿಸಿಯಾಗಿತ್ತು. ಪಂಕ್ತಿಯಲ್ಲಿ ಕುಳಿತವರೇ ಇರಲಿಲ್ಲ. ಆ ಪ್ರಸಾರವನ್ನು ಹಿಡಿಯಬಲ್ಲ ಪೆಟ್ಟಿಗೆಗಳು ಕೆಲವೇ ಡಜನ್ ಇದ್ದವು. ದೇಶದಲ್ಲಿದ್ದ ಒಂದು ಕೋಟಿಗೂ ಹೆಚ್ಚು ಕಪ್ಪು ಬಿಳುಪು ಟಿವಿಗಳಲ್ಲಿ ಆ ಒಂದು ಗಂಟೆ ಬಣ್ಣ ಬರಲಿಲ್ಲ ಎಂದಷ್ಟೇ ಅಲ್ಲ, ಚಿತ್ರವೇ ಬರಲಿಲ್ಲ. ಹುಬ್ಬಳ್ಳಿಗೆ ಹೊರಟ ಬಸ್ಸು ನಿಮ್ಮ ಊರಿನಲ್ಲಿ ನಿಲ್ಲದೆ ಹೋದರೆ ಸಹಿಸಬಹುದು. ನಿಮ್ಮ ಊರಿನ ರಸ್ತೆಯನ್ನೇ ಕಿತ್ತುಕೊಂಡು ಹೋದರೆ?

ಟಿವಿ ಬಣ್ಣಕ್ಕೆ ತಿರುಗಿದ ಕಥೆ ಎಂದಾಗ ಸಾಮಾನ್ಯವಾಗಿ ಬಣ್ಣವನ್ನು ಕಂಡುಹಿಡಿದವರ ಕಥೆ ಹೇಳುತ್ತಾರೆ. ನನಗೆ ಆ ಕಥೆಯಲ್ಲಿ ಹೆಚ್ಚು ಕಾಡುವವನು ಬಣ್ಣದ ಟಿವಿ ಕೊಳ್ಳದವನು. ನಡುಮನೆಯಲ್ಲಿ ಹಳೆಯ ಪೆಟ್ಟಿಗೆ ಇಟ್ಟುಕೊಂಡು, ಕಂತು ಇನ್ನೂ ತೀರದೆ ಕುಳಿತಿದ್ದ ಆ ಮನುಷ್ಯನನ್ನು ಏನು ಮಾಡುವುದು ಎಂಬ ಒಂದೇ ಪ್ರಶ್ನೆಯ ಸುತ್ತ ಹದಿನೈದು ವರ್ಷಗಳ ಜಗಳ ನಡೆಯಿತು.

ಸಿಬಿಎಸ್‌ನ ಎಂಜಿನಿಯರ್ ಪೀಟರ್ ಗೋಲ್ಡ್‌ಮಾರ್ಕ್ ಬುಡಾಪೆಸ್ಟ್‌ನಲ್ಲಿ ಹುಟ್ಟಿದವರು. 1940ರಲ್ಲೇ ಅವರು ಬಣ್ಣದ ಟಿವಿಯ ಪ್ರದರ್ಶನ ನೀಡಿದ್ದರು. ಉಪಾಯ ಸರಳ, ಅಷ್ಟೇ ಚೆಂದ. ಬಣ್ಣ ಬಳಿದ ಬುಗುರಿಯನ್ನು ತಿರುಗಿಸಿದರೆ ಬಣ್ಣಗಳು ಒಂದರೊಳಗೊಂದು ಕರಗುವುದನ್ನು ನಾವೆಲ್ಲ ನೋಡಿದ್ದೇವೆ. ಕ್ಯಾಮೆರಾದ ಮುಂದೆ ಕೆಂಪು, ನೀಲಿ, ಹಸಿರು ಗಾಜುಗಳ ಒಂದು ಚಕ್ರ. ಮನೆಯ ಟಿವಿಯ ಮುಂದೆ ಅಂಥದೇ ಇನ್ನೊಂದು ಚಕ್ರ. ಎರಡೂ ಒಂದೇ ಲಯದಲ್ಲಿ ತಿರುಗಬೇಕು. ಕೆಂಪಿನ ಚಿತ್ರ, ನೀಲಿಯ ಚಿತ್ರ, ಹಸಿರಿನ ಚಿತ್ರ ಒಂದರ ಹಿಂದೊಂದು ಬಂದು, ಬೆರೆಸುವ ಕೆಲಸವನ್ನು ನಮ್ಮ ಕಣ್ಣಿಗೆ ಬಿಡುತ್ತಿದ್ದವು. ಬಣ್ಣವಂತೂ ಸೊಗಸಾಗಿತ್ತು. ಅದನ್ನು ಕಂಡೇ ಅಮೆರಿಕದ ಪ್ರಸಾರ ನಿಯಂತ್ರಣ ಆಯೋಗ 1950ರ ಅಕ್ಟೋಬರಿನಲ್ಲಿ ಈ ಪದ್ಧತಿಗೆ ಒಪ್ಪಿಗೆ ಕೊಟ್ಟಿತು.

ಆದರೆ ಚಕ್ರಕ್ಕೆ ಅದರದೇ ಹಟಗಳಿದ್ದವು. ಟಿವಿಯ ಪರದೆಗಿಂತ ಚಕ್ರದ ಅಗಲ ಎರಡು ಪಟ್ಟಿಗೂ ಹೆಚ್ಚು ಬೇಕು. ಪರದೆ ಸ್ವಲ್ಪ ದೊಡ್ಡದಾದರೆ ನಡುಮನೆಯಲ್ಲಿ ಬೀಸುವ ಕಲ್ಲಿನಂಥದ್ದು ತಿರುಗುತ್ತಿರಬೇಕು. ಅದಕ್ಕಿಂತ ದೊಡ್ಡ ತೊಡಕು ಬೇರೆ. ಮೂರು ಬಣ್ಣಗಳನ್ನು ಸಾಲಾಗಿ ಕಳಿಸಬೇಕಾದ್ದರಿಂದ ಸೆಕೆಂಡಿಗೆ 144 ಚಿತ್ರಭಾಗಗಳು, ಚಿತ್ರಕ್ಕೆ 405 ಗೆರೆಗಳು ಎಂಬ ಲೆಕ್ಕವನ್ನು ಗೋಲ್ಡ್‌ಮಾರ್ಕ್ ಹಿಡಿದರು. ಮನೆಮನೆಯ ಟಿವಿಗಳ ಲೆಕ್ಕವಾದರೋ ಸೆಕೆಂಡಿಗೆ 60, ಚಿತ್ರಕ್ಕೆ 525 ಗೆರೆ. ತಾಳವೇ ಬೇರೆಯಾದ ಮೇಲೆ ಹಾಡು ಕೇಳುವುದಾದರೂ ಹೇಗೆ?

ಎದುರು ಬದಿಯಲ್ಲಿ ಡೇವಿಡ್ ಸರ್ನಾಫ್ ಇದ್ದರು. ಮಿನ್ಸ್ಕ್ ಹತ್ತಿರದ ಹಳ್ಳಿಯಿಂದ ಬಾಲಕನಾಗಿ ನ್ಯೂಯಾರ್ಕಿಗೆ ಬಂದು, ತಂತಿ ಕಳಿಸುವ ಕೆಲಸದಿಂದ ಮೇಲೆದ್ದು ಆರ್‌ಸಿಎ ಕಂಪನಿಯ ಯಜಮಾನರಾದವರು. ಎರಡನೆಯ ಮಹಾಯುದ್ಧದಲ್ಲಿ ಸಿಕ್ಕ ಬ್ರಿಗೇಡಿಯರ್ ಜನರಲ್ ಪದವಿಯನ್ನು ಯುದ್ಧ ಮುಗಿದ ಮೇಲೂ ಕಳಚಲಿಲ್ಲ. ಕಚೇರಿಯಲ್ಲೂ ಅವರು ‘ಜನರಲ್’ ಎಂದೇ ಕರೆಸಿಕೊಂಡರು. ಆರ್‌ಸಿಎ ಟಿವಿಗಳನ್ನು ತಯಾರಿಸಿ ಮಾರುತ್ತಿತ್ತು, ಎನ್‌ಬಿಸಿ ಎಂಬ ಪ್ರಸಾರ ಜಾಲವೂ ಅದರದೇ ಆಗಿತ್ತು. ಹಳೆಯ ಸೆಟ್ಟಿನಲ್ಲೂ ಕಾಣಬೇಕು, ಹೊಸ ಸೆಟ್ಟಿನಲ್ಲಿ ಬಣ್ಣವಾಗಬೇಕು, ಇದು ಸರ್ನಾಫ್ ಪಟ್ಟು. ಹಳೆಯ ಸೆಟ್ಟುಗಳನ್ನು ಮಾರಿದ್ದವರಲ್ಲಿ ಅವರೇ ಮುಂಚೂಣಿಯಲ್ಲಿದ್ದರು ಎಂಬುದನ್ನು ಮರೆಯಬಾರದು. ಪರೋಪಕಾರದ ಮಾತು ಅಲ್ಲಿ ಸಲ್ಲದು. ಆಯೋಗದ ನಿರ್ಧಾರದ ವಿರುದ್ಧ ಅವರು ಸುಪ್ರೀಂ ಕೋರ್ಟಿನವರೆಗೂ ಹೋಗಿ, 1951ರ ಮೇ ತಿಂಗಳಲ್ಲಿ ಸೋತರು. ಆದರೆ ಅಷ್ಟು ದಿನ ಎಳೆದದ್ದೇ ಲಾಭವಾಯಿತು. ವ್ಯಾಜ್ಯ ನಡೆಯುತ್ತಿದ್ದ ಒಂದೊಂದು ವಾರವೂ ಕಪ್ಪು ಬಿಳುಪು ಟಿವಿಗಳು ರಾಶಿ ರಾಶಿಯಾಗಿ ಮಾರಾಟವಾದವು. ಮನೆಗೆ ಬಂದ ಪ್ರತಿಯೊಂದು ಪೆಟ್ಟಿಗೆಯೂ ಚಕ್ರದ ವಿರುದ್ಧ ಬಿದ್ದ ಒಂದು ಮತ.

ಅದೇ ವರ್ಷದ ಅಕ್ಟೋಬರಿನಲ್ಲಿ, ಕೊರಿಯಾ ಯುದ್ಧಕ್ಕೆ ಸಾಮಗ್ರಿ ಬೇಕಾಗಿದೆ, ವರ್ಣ ಟಿವಿಗಳ ತಯಾರಿಕೆ ನಿಲ್ಲಿಸಿ ಎಂದು ಸರ್ಕಾರ ಕೇಳಿತು. ಸಿಬಿಎಸ್ ಮರುಮಾತಿಲ್ಲದೆ ಒಪ್ಪಿ ಪ್ರಸಾರವನ್ನೂ ಮುಚ್ಚಿತು. ಮಳೆ ಬಂತೆಂದು ಜಾತ್ರೆ ನಿಂತಾಗ ನಷ್ಟದಲ್ಲಿದ್ದ ಅಂಗಡಿಯವನು ಬಿಡುವಂಥ ನಿಟ್ಟುಸಿರನ್ನು ಅವರು ಬಿಟ್ಟಿರಬೇಕೆಂದು ನನ್ನ ಅನುಮಾನ.

ಇನ್ನು ಆರ್‌ಸಿಎ ಮತ್ತು ಇತರ ಕಂಪನಿಗಳ ಎಂಜಿನಿಯರುಗಳು ಸೇರಿ ಕಟ್ಟಿದ ಪದ್ಧತಿಯ ವಿಷಯ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಇಷ್ಟು ಜಾಣತನದ ಹೊಂದಾಣಿಕೆ ತಂತ್ರಜ್ಞಾನದಲ್ಲಿ ಹೆಚ್ಚು ಸಿಗುವುದಿಲ್ಲ. ನಮ್ಮ ಅಂಗಳದ ರಂಗೋಲಿಯನ್ನು ನೆನಪಿಸಿಕೊಳ್ಳಿ. ಮೊದಲು ಬಿಳಿಯ ಎಳೆ. ಅದನ್ನು ಎಳೆಯುವಾಗ ಕೈ ನಡುಗುವಂತಿಲ್ಲ. ಆಮೇಲೆ ಬಣ್ಣದ ಪುಡಿ ತುಂಬುವಾಗ ಮಕ್ಕಳನ್ನೂ ಸೇರಿಸಿಕೊಳ್ಳಬಹುದು. ಅಂಚಿನಲ್ಲಿ ಅಷ್ಟಿಷ್ಟು ಚೆಲ್ಲಿದರೂ ಬಿಳಿಯ ಎಳೆ ಚಿತ್ತಾರವನ್ನು ಕಾಯುತ್ತದೆ. ನಮ್ಮ ಕಣ್ಣೂ ಹಾಗೆಯೇ. ಬೆಳಕು ನೆರಳಿನ ಸೂಕ್ಷ್ಮವನ್ನು ಚೆನ್ನಾಗಿ ಗುರುತಿಸುತ್ತದೆ, ಬಣ್ಣದ ಸೂಕ್ಷ್ಮಕ್ಕೆ ಅಷ್ಟು ಚುರುಕಲ್ಲ. ಆದ್ದರಿಂದ ಚಿತ್ರವನ್ನು ಎರಡು ಭಾಗ ಮಾಡಿದರು. ಮೊದಲನೆಯದು ಬೆಳಕಿನ ಲೆಕ್ಕ: ಹಸಿರಿನಿಂದ ನೂರಕ್ಕೆ 59 ಪಾಲು, ಕೆಂಪಿನಿಂದ 30, ನೀಲಿಯಿಂದ 11 ಕೂಡಿಸಿದರೆ ಸಾಕ್ಷಾತ್ ಕಪ್ಪು ಬಿಳುಪು ಚಿತ್ರ. ಹಳೆಯ ಟಿವಿ ಅದನ್ನು ತನ್ನದೇ ಎಂದು ತಿಳಿದು ತೋರಿಸುತ್ತದೆ. ಎರಡನೆಯದು ಬಣ್ಣದ ಪುಡಿ, ಒರಟಾಗಿದ್ದರೂ ನಡೆಯುತ್ತದೆ. ಬೆಳಕನ್ನೂ ಬಣ್ಣವನ್ನೂ ಹೀಗೆ ಬೇರ್ಪಡಿಸುವ ಯೋಚನೆಗೆ ಫ್ರಾನ್ಸಿನ ಜಾರ್ಜ್ ವಾಲೆನ್ಸಿ 1938ರಲ್ಲೇ ಪೇಟೆಂಟ್ ಬೇಡಿದ್ದರು.

ಆದರೆ ಆ ಪುಡಿಯನ್ನು ಇಡುವುದೆಲ್ಲಿ? ಒಂದು ಚಾನೆಲಿಗೆ ಕೊಟ್ಟಿದ್ದ ಜಾಗವೆಲ್ಲ ತುಂಬಿಹೋಗಿತ್ತು. ಕಪ್ಪು ಬಿಳುಪು ಸಂಕೇತವನ್ನು ಬಿಡಿಸಿ ನೋಡಿದರೆ ಅದು ಬಾಚಣಿಗೆಯಂತೆ: ಹಲ್ಲು, ಸಂದು, ಹಲ್ಲು, ಸಂದು. ಬಣ್ಣದ ಸಂಕೇತವೂ ಇನ್ನೊಂದು ಬಾಚಣಿಗೆ. ಎರಡನ್ನೂ ಒಂದರ ಸಂದಿನಲ್ಲಿ ಇನ್ನೊಂದರ ಹಲ್ಲು ಕೂರುವಂತೆ ಜೋಡಿಸಿಬಿಟ್ಟರು. ಒಂದು ತಗಾದೆ ಮಾತ್ರ ಉಳಿಯಿತು. ಧ್ವನಿಯ ಅಲೆಗೂ ಬಣ್ಣದ ಅಲೆಗೂ ತಿಕ್ಕಾಟವಾಗಿ ಪರದೆಯ ಮೇಲೆ ಚುಕ್ಕೆಗಳು ಕಾಣುತ್ತಿದ್ದವು. ಅದನ್ನು ತಪ್ಪಿಸಲು ಸೆಕೆಂಡಿಗೆ 30 ಇದ್ದ ಚಿತ್ರಗಳ ಸಂಖ್ಯೆಯನ್ನು ಸಾವಿರದಲ್ಲಿ ಒಂದು ಪಾಲು ಇಳಿಸಿ 29.97 ಮಾಡಿದರು. ಇಂದು ಕಂಪ್ಯೂಟರಿನಲ್ಲಿ ವಿಡಿಯೊ ಸಂಕಲನ ಮಾಡುವ ಹುಡುಗರು ಆ ವಿಚಿತ್ರ ಸಂಖ್ಯೆಯನ್ನು ಕಂಡು ತಲೆ ಕೆರೆದುಕೊಳ್ಳುತ್ತಾರೆ. ಅದು 1953ರ ಟಿವಿ ಪೆಟ್ಟಿಗೆಯೊಂದಕ್ಕೆ ತೋರಿಸಿದ ದಾಕ್ಷಿಣ್ಯ.

1953ರ ಡಿಸೆಂಬರ್ 17ರಂದು ಆಯೋಗ ತನ್ನ ಹಳೆಯ ನಿರ್ಧಾರವನ್ನು ಬಿಟ್ಟು ಹೊಸ ಪದ್ಧತಿಗೆ ಮುದ್ರೆ ಒತ್ತಿತು. ಎರಡು ವಾರದಲ್ಲಿ, 1954ರ ಹೊಸ ವರ್ಷದ ದಿನ, ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ನಡೆಯುವ ಗುಲಾಬಿ ಮೆರವಣಿಗೆಯನ್ನು ಎನ್‌ಬಿಸಿ ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಯವರೆಗೆ ಬಣ್ಣದಲ್ಲಿ ತೋರಿಸಿತು. ಹೂವಿನ ತೇರುಗಳಿಗಿಂತ ಒಳ್ಳೆಯ ವಸ್ತು ಸಿಗುತ್ತಿತ್ತೇ! ಆ ವಸಂತದಲ್ಲಿ ಆರ್‌ಸಿಎ ತನ್ನ ಮೊದಲ ವರ್ಣ ಟಿವಿಯನ್ನು ಮಾರುಕಟ್ಟೆಗೆ ಬಿಟ್ಟಿತು. ಬೆಲೆ 1000 ಡಾಲರ್. ಸಾಧಾರಣ ಹೊಸ ಕಾರಿನ ಬೆಲೆಯ ಅರ್ಧಕ್ಕೂ ಹೆಚ್ಚು. ಚಿತ್ರನಾಳ 15 ಅಂಗುಲದ್ದು. ಕೆಲವೇ ತಿಂಗಳಲ್ಲಿ ಬೆಲೆಯನ್ನು 495ಕ್ಕೆ ಇಳಿಸಿದರೂ ಜನ ಮುಗಿಬೀಳಲಿಲ್ಲ. ಕೊಂಡವರಿಗೂ ಸುಖವಿರಲಿಲ್ಲ. ಚಿತ್ರನಾಳದ ಒಳಗಿನ ಮೂರು ಎಲೆಕ್ಟ್ರಾನ್ ಕಿರಣಗಳು ಒಂದೇ ಬಿಂದುವಿನಲ್ಲಿ ಕೂಡುವಂತೆ ಮೆಕ್ಯಾನಿಕ್ ಬಂದು ಗಂಟೆಗಟ್ಟಲೆ ತಿರುಪುತ್ತಿರಬೇಕು. ಪೆಟ್ಟಿಗೆಯನ್ನು ಒಂದು ಗೋಡೆಯಿಂದ ಇನ್ನೊಂದಕ್ಕೆ ಸರಿಸಿದರೆ ಭೂಮಿಯ ಕಾಂತಶಕ್ತಿಯೇ ಬಣ್ಣ ಕೆಡಿಸುತ್ತಿತ್ತು. ದಶಕಗಳ ಮೇಲೂ ಈ ಚಾಳಿ ಪೂರ್ತಿ ಹೋಗಿರಲಿಲ್ಲ. ನಮ್ಮ ಮನೆಯಲ್ಲಿ ಟಿವಿಯ ಪಕ್ಕದಲ್ಲಿ ಟೇಪ್ ರೆಕಾರ್ಡರಿನ ಸ್ಪೀಕರ್ ಇಟ್ಟು, ಪರದೆಯ ಒಂದು ಮೂಲೆ ನೇರಳೆ ಹಣ್ಣು ಉಜ್ಜಿದಂತಾಗಿ, ನಾನು ಬೈಸಿಕೊಂಡದ್ದುಂಟು.

ಮುಂದಿನ ಹತ್ತು ವರ್ಷಗಳ ಕಥೆಯನ್ನು ನಮ್ಮ ಗಾದೆಯೊಂದು ಹೇಳಿಬಿಡುತ್ತದೆ: ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ನೋಡುವ ಸೆಟ್ಟುಗಳಿಲ್ಲವೆಂದು ಕಾರ್ಯಕ್ರಮವಿಲ್ಲ, ಕಾರ್ಯಕ್ರಮವಿಲ್ಲವೆಂದು ಸೆಟ್ಟು ಕೊಳ್ಳುವವರಿಲ್ಲ. ಸಿಬಿಎಸ್ ಬಣ್ಣದಲ್ಲಿ ಪ್ರಸಾರ ಮಾಡಿದರೆ ಮಾರಾಟವಾಗುವುದು ಶತ್ರುವಿನ ಟಿವಿ. ಮೂರನೆಯ ಜಾಲ ಎಬಿಸಿಗೆ ಕೈಯಲ್ಲಿ ಕಾಸಿರಲಿಲ್ಲ. ಹಾಗಾಗಿ ಎನ್‌ಬಿಸಿ ಒಂದೇ ಒಬ್ಬಂಟಿಯಾಗಿ ರಥ ಎಳೆಯಿತು. 1959ರಲ್ಲಿ ಅದು ಆರಂಭಿಸಿದ ‘ಬೊನಾನ್ಜಾ’ ಎಂಬ ಕುದುರೆ ಸವಾರರ ಧಾರಾವಾಹಿ ಮೊದಲ ದಿನದಿಂದಲೇ ಬಣ್ಣದಲ್ಲಿತ್ತು. ನೀಲಿ ಸರೋವರ, ಹಸಿರು ಪೈನ್ ಮರಗಳ ಹಿಂದೆ ಆರ್‌ಸಿಎ ಟಿವಿಯ ಅಂಗಡಿ ಇತ್ತು ಎನ್ನಲು ಅಡ್ಡಿಯಿಲ್ಲ. 1961ರಲ್ಲಿ ವಾಲ್ಟ್ ಡಿಸ್ನಿಯವರ ಕಾರ್ಯಕ್ರಮ ಎಬಿಸಿಯನ್ನು ಬಿಟ್ಟು ಎನ್‌ಬಿಸಿಗೆ ಬಂತು, ಹೆಸರಿನಲ್ಲೇ ಬಣ್ಣ ಎಂಬ ಪದವನ್ನು ಹೊತ್ತುಕೊಂಡು.

ಇದೇ ಕಾಲದ್ದು ನವಿಲು. 1956ರಲ್ಲಿ ಎನ್‌ಬಿಸಿಯ ಜಾನ್ ಗ್ರಹಾಂ ಎಂಬ ಕಲಾವಿದರು ಹನ್ನೊಂದು ಗರಿಗಳ ನವಿಲೊಂದನ್ನು ಬಿಡಿಸಿದರು. ವರ್ಣ ಕಾರ್ಯಕ್ರಮಕ್ಕೆ ಮುಂಚೆ ಅದು ಗರಿ ಬಿಚ್ಚುತ್ತಿತ್ತು. ಬಣ್ಣದ ಟಿವಿ ಇದ್ದವನಿಗೆ ಅದರ ಅಗತ್ಯವೇ ಇರಲಿಲ್ಲ. ಬಣ್ಣ ಅವನ ಕಣ್ಣೆದುರಿಗೇ ಇತ್ತು. ನವಿಲು ಕುಣಿದದ್ದು ಇಲ್ಲದವನಿಗಾಗಿ. ಅವನ ಪರದೆಯಲ್ಲಿ ಬೂದು ಬಣ್ಣದ ನವಿಲೊಂದು ಬೂದು ಗರಿಗಳನ್ನು ಬಿಚ್ಚಿ, ನಿನಗೆ ಕಾಣದ್ದು ಇಲ್ಲಿದೆ ಎಂದು ವಾರವಾರವೂ ತಿವಿಯುತ್ತಿತ್ತು. ಚಿತ್ರ ಕೊಟ್ಟು ಆಸೆ ಹುಟ್ಟಿಸುವ ಈ ವಿದ್ಯೆ ಹಳೆಯ ಸೆಟ್ಟಿನಲ್ಲೂ ಕಾಣುವ ಪದ್ಧತಿಯಿಂದ ಮಾತ್ರ ಸಾಧ್ಯವಿತ್ತು.

ಆದರೂ ಆಸೆ ನಿಧಾನವಾಗಿ ಹಣ್ಣಾಯಿತು. 1963ರಲ್ಲಿ ಅಧ್ಯಕ್ಷ ಕೆನಡಿಯವರ ಅಂತ್ಯಯಾತ್ರೆಯನ್ನು ಅಮೆರಿಕ ಕಪ್ಪು ಬಿಳುಪಿನಲ್ಲೇ ನೋಡಿತು. 1965ರ ಶರತ್ಕಾಲದಲ್ಲಿ ಎನ್‌ಬಿಸಿಯ ರಾತ್ರಿಯ ಕಾರ್ಯಕ್ರಮಗಳು ಹೆಚ್ಚುಕಡಿಮೆ ಎಲ್ಲವೂ ಬಣ್ಣಕ್ಕೆ ತಿರುಗಿದವು. ಉಳಿದ ಇಬ್ಬರಿಗೆ ಸುಮ್ಮನೆ ಕೂರಲಾಗಲಿಲ್ಲ. 1966ರ ಶರತ್ಕಾಲಕ್ಕೆ ಮೂರೂ ಜಾಲಗಳ ರಾತ್ರಿಯ ಪ್ರಸಾರ ಪೂರ್ತಿ ಬಣ್ಣವಾಯಿತು. ವಾರ್ತೆಗಳೂ ಅದೇ ಹೊತ್ತಿಗೆ ಬಣ್ಣಕ್ಕೆ ತಿರುಗಿದವು, ವಿಯೆಟ್ನಾಂ ಯುದ್ಧದ ಹೊಲಗದ್ದೆಗಳು ಹಸಿರಾಗಿ ಕಂಡವು, ನೆತ್ತರು ಕೆಂಪಾಗಿ.

ಆ ಹೊತ್ತಿನಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮನೆಗಳಲ್ಲಿ ವರ್ಣ ಟಿವಿ ಇರಲೇ ಇಲ್ಲ. ಒಂದು ದೇಶದ ಇಡೀ ರಾತ್ರಿಯ ಪ್ರಸಾರ ಬಣ್ಣವಾಯಿತು, ಆ ಒಂಬತ್ತು ಮನೆಗಳಲ್ಲಿ ಯಾರೂ ಎದ್ದು ಹೋಗಿ ಗುಂಡಿ ತಿರುಗಿಸಬೇಕಾಗಲಿಲ್ಲ. 1951ರ ಖಾಲಿ ಪಂಕ್ತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಬಣ್ಣದ ಸೆಟ್ಟುಗಳು ಅರ್ಧದಷ್ಟು ಮನೆಗಳನ್ನು ಸೇರಿದ್ದು 1972ರ ಸುಮಾರಿಗೆ.

ಈ ಪದ್ಧತಿಗೂ ಒಂದು ಊನವಿತ್ತು. ದಾರಿಯಲ್ಲಿ ಸಂಕೇತ ಸ್ವಲ್ಪ ಸರಿದರೂ ಮುಖದ ಬಣ್ಣ ಹಸಿರಿಗೋ ನೇರಳೆಗೋ ಜಾರುತ್ತಿತ್ತು. ಅದಕ್ಕಾಗಿ ಅಮೆರಿಕದ ಟಿವಿಗಳಲ್ಲಿ ಬಣ್ಣ ತಿದ್ದುವ ಒಂದು ಗುಂಡಿ ಇರುತ್ತಿತ್ತು. ಜರ್ಮನಿಯ ವಾಲ್ಟರ್ ಬ್ರೂಖ್ ಒಂದು ಗೆರೆ ಬಿಟ್ಟು ಒಂದು ಗೆರೆಯಲ್ಲಿ ಸಂಕೇತವನ್ನು ಮಗುಚಿ ಕಳಿಸಿ, ಒಂದರ ತಪ್ಪನ್ನು ಇನ್ನೊಂದರಿಂದ ಅಳಿಸುವ ಪಾಲ್ ಪದ್ಧತಿಯನ್ನು ರೂಪಿಸಿದರು. ಭಾರತ ಆರಿಸಿಕೊಂಡದ್ದು ಇದನ್ನೇ. 1982ರ ಆಗಸ್ಟ್ 15ರಂದು ಕೆಂಪುಕೋಟೆ ದೂರದರ್ಶನದಲ್ಲಿ ಕೆಂಪಾಗಿ ಕಂಡಿತು. ಆ ನವೆಂಬರಿನಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟ ಬಂತು. ಬೆಂಗಳೂರಿನ ದೂರದರ್ಶನ ಕೇಂದ್ರಕ್ಕೆ ಆಗ ಒಂದು ವರ್ಷ ತುಂಬಿತ್ತಷ್ಟೆ. ನಮ್ಮ ಮನೆಯ ಮರದ ಬಾಗಿಲಿನ ಟಿವಿಯೂ ಬಣ್ಣದ ಪ್ರಸಾರವನ್ನು ಬೂದಿಯಾಗಿಸಿ ತೋರಿಸುತ್ತಾ ಇನ್ನೂ ಎಷ್ಟೋ ವರ್ಷ ನಡೆಯಿತು. ಪೇಟೆಯಲ್ಲಿ ಆಗ ಒಂದು ಪ್ಲಾಸ್ಟಿಕ್ ಹಾಳೆ ಸಿಗುತ್ತಿತ್ತು, ಮೇಲೆ ನೀಲಿ, ನಡುವೆ ಹಳದಿ, ಕೆಳಗೆ ಹಸಿರು. ಅದನ್ನು ಪರದೆಗೆ ಕಟ್ಟಿದರೆ ಕ್ರಿಕೆಟ್ ಮೈದಾನಕ್ಕೆ ಆಕಾಶವೂ ಹುಲ್ಲೂ ಬರುತ್ತಿದ್ದವು. ವಾರ್ತೆ ಓದುವವರಿಗೆ ನೀಲಿ ಹಣೆಯೂ ಹಸಿರು ಕೊರಳೂ ಬರುತ್ತಿದ್ದವು. ನಮಗೆ ಅದೇನೂ ಕೊರತೆಯೆನಿಸಲಿಲ್ಲ.

ಗೋಲ್ಡ್‌ಮಾರ್ಕ್ ಚಕ್ರದ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೆ. ಸ್ಟುಡಿಯೊದ ವರ್ಣ ಕ್ಯಾಮೆರಾಗಳಲ್ಲಿ ಮೂರು ನಾಳಗಳಿರುತ್ತಿದ್ದವು, ಎತ್ತಲು ಆಳುಗಳು ಬೇಕಾಗುತ್ತಿತ್ತು. ಗಗನನೌಕೆಯಲ್ಲಿ ಅದಕ್ಕೆಲ್ಲಿ ಜಾಗ? ಒಂದೇ ನಾಳ, ಅದರ ಮುಂದೆ ತಿರುಗುವ ಪುಟ್ಟ ಬಣ್ಣದ ಚಕ್ರ ಸಾಕು ಎಂದು ಎಂಜಿನಿಯರುಗಳು ಹಳೆಯ ಕಪಾಟಿನ ಬಾಗಿಲು ತೆರೆದರು. ಮನೆಗಳ ಟಿವಿಗೆ ಹೊಂದಿಸುವ ಕೆಲಸವನ್ನು ಭೂಮಿಯ ಮೇಲಿನ ಯಂತ್ರಗಳಿಗೆ ಬಿಟ್ಟರು. 1969ರ ಮೇ ತಿಂಗಳಲ್ಲಿ ಅಪೊಲೊ 10 ನೌಕೆಯಿಂದ ಬಣ್ಣದ ಭೂಮಿ ಕಂಡದ್ದು ಹೀಗೆ. ಅದೇ ನವೆಂಬರಿನಲ್ಲಿ ಅಪೊಲೊ 12ರ ಯಾತ್ರಿಕರು ಅಂಥ ಕ್ಯಾಮೆರಾವನ್ನು ಚಂದ್ರನ ನೆಲಕ್ಕೇ ಇಳಿಸಿದರು. ಅದನ್ನು ಇನ್ನೊಂದು ಕಡೆಗೆ ಸರಿಸುವಾಗ ಅಲನ್ ಬೀನ್ ಅವರ ಕೈಯಲ್ಲಿ ಅದು ಅರೆಗಳಿಗೆ ಸೂರ್ಯನ ಕಡೆಗೆ ತಿರುಗಿತು. ನಾಳ ಸುಟ್ಟುಹೋಯಿತು. ಉಳಿದ ಹೊತ್ತೆಲ್ಲ ಅಮೆರಿಕದ ಮನೆಗಳಲ್ಲಿ, ಬಣ್ಣದ ಟಿವಿಯ ಮುಂದೆಯೂ ಕಪ್ಪು ಬಿಳುಪಿನ ಟಿವಿಯ ಮುಂದೆಯೂ ಕುಳಿತ ಜನ, ಚಂದ್ರನ ಮೇಲೆ ಇಬ್ಬರು ಮಾತನಾಡುತ್ತಾ ನಡೆಯುವುದನ್ನು ಬರಿಯ ಕಿವಿಯಿಂದ ಕೇಳಿದರು, ನೀವು ಈಗ ಕೇಳುತ್ತಿರುವ ಹಾಗೆ.

ನಮಸ್ಕಾರ.