ಫ್ರೀಮ್ಯಾಂಟಲ್: ಸುಣ್ಣಕಲ್ಲಿನ ಸೆರೆಮನೆ

ಗೋಡೆಯ ಬುಡ ನೋಡಿ. ಅಲ್ಲಲ್ಲಿ ಕಲ್ಲು ಮೆತ್ತಗಾಗಿ ಬಿಳಿ ಪುಡಿ ಉದುರಿದೆ. ಪಶ್ಚಿಮ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್ ಜೈಲು ಇಡಿಯಾಗಿ ಎದ್ದಿರುವುದು ಈ ಸುಣ್ಣಕಲ್ಲಿನಿಂದಲೇ. 1850ರ ಜೂನ್‌ನಲ್ಲಿ ಸಿಂಡಿಯನ್ ಹಡಗು ಬ್ರಿಟನ್ನಿನಿಂದ 75 ಕೈದಿಗಳನ್ನು ತಂದಿಳಿಸಿದಾಗ ಅವರನ್ನಿಡಲು ಜಾಗವಿಲ್ಲದೆ ಒಂದು ಗೋದಾಮಿನಲ್ಲಿ ತುಂಬಿದ್ದರು. ಆಮೇಲೆ ಕೈದಿಗಳಿಂದಲೇ ಈ ದಿಬ್ಬ ಅಗೆಸಿ, ಕಲ್ಲು ಕೀಳಿಸಿ, ಅವರ ಸೆರೆಮನೆಯನ್ನು ಅವರಿಂದಲೇ ಕಟ್ಟಿಸಿದರು. ಮುಖ್ಯ ಕಟ್ಟಡ 1859ಕ್ಕೆ ಮುಗಿಯಿತು.

ಒಳಗೆ ಬನ್ನಿ. ಮೊದಲಿನ ಕೋಣೆಗಳು ಏಳಡಿ ಉದ್ದ, ನಾಲ್ಕಡಿ ಅಗಲ. ಎರಡೂ ಕೈ ಚಾಚಿದರೆ ಎರಡೂ ಗೋಡೆ ತಾಗುತ್ತದೆ. ಮಲಗಲು ತೂಗುಬಟ್ಟೆ. ಆಗ ಪ್ರತಿ ಕೋಣೆಯಲ್ಲೂ ನಲ್ಲಿಗೆ ಜೋಡಿಸಿದ ಬೇಸಿನ್ ಇತ್ತು. ಆದರೆ ಕೊಳವೆಗೆ ಯು ಆಕಾರದ ಬಾಗು ಕೊಟ್ಟಿರಲಿಲ್ಲ. ಆ ಬಾಗಿನಲ್ಲಿ ನಿಲ್ಲುವ ಒಂದಿಷ್ಟು ನೀರೇ ಚರಂಡಿಯ ನಾತವನ್ನು ತಡೆಯುವುದು. ಅದಿಲ್ಲದೆ ದುರ್ವಾಸನೆಯೆಲ್ಲ ಕೋಣೆಗೇ ನುಗ್ಗಿತು. 1860ರ ದಶಕದಲ್ಲಿ ಬೇಸಿನ್‌ಗಳನ್ನು ಕಿತ್ತುಹಾಕಿದರು. ಮುಂದೆ ಎರಡೆರಡು ಕೋಣೆಗಳ ನಡುವಿನ ಗೋಡೆ ಒಡೆದು ಜಾಗ ಹಿಗ್ಗಿಸಿದರು. ಶೌಚಕ್ಕೆ ಮಾತ್ರ ಬಕೆಟ್ಟೇ ಗತಿ. 1991ರ ನವೆಂಬರ್‌ನಲ್ಲಿ ಜೈಲು ಮುಚ್ಚುವವರೆಗೂ ಅದು ಬದಲಾಗಲಿಲ್ಲ. ಇಲ್ಲಿದ್ದವರಿಗೆ ನಿತ್ಯವೂ ಆದ ಅವಮಾನ ಅದು.

ಈಗ ಮೂಂಡೈನ್ ಜೋ ಕೋಣೆ. ಹೆಸರು ಜೋಸೆಫ್ ಬೊಲಿಥೋ ಜಾನ್ಸ್, ಎಲ್ಲಿಟ್ಟರೂ ತಪ್ಪಿಸಿಕೊಳ್ಳುವ ಆಸಾಮಿ. ಅವನಿಗೆಂದೇ ಜಾರಾ ಮರದ ದಪ್ಪ ಹಲಗೆ ಹೊದಿಸಿ, ಸಾವಿರಕ್ಕೂ ಹೆಚ್ಚು ಮೊಳೆ ಬಡಿದರು. ಹಲಗೆಯಲ್ಲಿ ಮೊಳೆಯ ತಲೆಗಳು ಹೇಗೆ ಒತ್ತೊತ್ತಾಗಿವೆ ನೋಡಿ. ಗಾಳಿ ಬೆಳಕಿಲ್ಲದೆ ಅವನ ಆರೋಗ್ಯ ಕೆಟ್ಟಿತು. ಕೊನೆಗೆ ಅಂಗಳದಲ್ಲಿ ಕಲ್ಲು ಒಡೆಯುವ ಕೆಲಸಕ್ಕೆ ಹಚ್ಚಿದರು. ಒಡೆದ ಕಲ್ಲಿನ ರಾಶಿ ಬೆಳೆಯುತ್ತ ಹೋಯಿತು. ಕಾವಲುಗಾರನಿಗೆ ಅವನ ಸೊಂಟದ ಮೇಲಿನ ಭಾಗವಷ್ಟೇ ಕಾಣುತ್ತಿತ್ತು. ಜೋ ನಡುನಡುವೆ ಸುತ್ತಿಗೆಯನ್ನು ಗೋಡೆಗೂ ಬೀಸುತ್ತಿದ್ದ. 1867ರ ಮಾರ್ಚ್‌ನಲ್ಲಿ ಆ ಕಿಂಡಿಯಿಂದಲೇ ಪರಾರಿ. ಮರದ ಕೋಣೆ ಗಟ್ಟಿಯಾಗಿತ್ತು, ಸುಣ್ಣಕಲ್ಲು ಗಟ್ಟಿಯಿರಲಿಲ್ಲ.

ಗಲ್ಲುಕೋಣೆಯಲ್ಲಿ ದನಿ ತಗ್ಗಿಸಿ. ಇಲ್ಲಿ 43 ಗಂಡಸರು, ಒಬ್ಬ ಹೆಂಗಸು ನೇಣಿಗೇರಿದರು. ಕೊನೆಯದು 1964ರಲ್ಲಿ.

1988ರ ಜನವರಿ 4ರಂದು ಕೋಣೆಗಳ ಒಳಗೆ ಉಷ್ಣಾಂಶ 52 ಡಿಗ್ರಿ ದಾಟಿತ್ತು. ಕೈದಿಗಳು ದಂಗೆಯೆದ್ದು ಕಾವಲುಗಾರರನ್ನು ಒತ್ತೆ ಹಿಡಿದರು, ಮಾಡಿಗೆ ಬೆಂಕಿ ಬಿತ್ತು. ಅಗ್ನಿಶಾಮಕ ವಾಹನಗಳು ಬಂದವು, ಆದರೆ 1850ರ ದಶಕದ ಬಾಗಿಲಿನಲ್ಲಿ ಅವು ತೂರಲಿಲ್ಲ. ಕುದುರೆಗಾಡಿಯ ಕಾಲದಲ್ಲಿ ಕಟ್ಟಿದ ಹೆಬ್ಬಾಗಿಲು ಅದು.

ಇನ್ನು ನೆಲದ ಕೆಳಗೆ. 20 ಮೀಟರ್ ಆಳದಲ್ಲಿ ಸುಮಾರು ಒಂದು ಕಿಲೋಮೀಟರ್ ಸುರಂಗ. ಸುಣ್ಣಕಲ್ಲು ಮಳೆನೀರನ್ನು ಹೀರಿ ಒಳಗೆ ಇಳಿಸುತ್ತದೆ; ಆ ನೀರನ್ನು ಊರಿಗೆ ಕೊಡಲು ಕೈದಿಗಳು ಕೈಯಾರೆ ಕೊರೆದದ್ದು. ಈಗ ಹೆಲ್ಮೆಟ್ ಹಾಕಿ, ಸೊಂಟಕ್ಕೆ ಪಟ್ಟಿ ಬಿಗಿದು, ನೆಟ್ಟಗಿನ ಏಣಿಗಳಲ್ಲಿ ಇಳಿಯಬೇಕು. ಒಂದಷ್ಟು ದೂರ ನಡಿಗೆ, ಮುಂದೆ ಪುಟ್ಟ ದೋಣಿ. ಮಂಡಿನೋವು ಇದ್ದವರು ಟಿಕೆಟ್ ತೆಗೆದುಕೊಳ್ಳುವ ಮುಂಚೆ ಯೋಚಿಸಿ, ಇಳಿದಷ್ಟೂ ಹತ್ತಬೇಕು.

ನೋಡಲೇಬೇಕಾದ ಕೋಣೆ ಇನ್ನೊಂದಿದೆ. ಜೇಮ್ಸ್ ವಾಲ್ಷ್ ಎಂಬ ಕೈದಿ, ಖೋಟಾ ದಾಖಲೆ ಮಾಡಿ ಸಿಕ್ಕಿಬಿದ್ದವನು, ತನ್ನ ಕೋಣೆಯ ಗೋಡೆ ತುಂಬ ಚಿತ್ರ ಬರೆದಿದ್ದ. ಗೋಡೆಯ ಮೇಲೆ ಬರೆಯುವುದು ಶಿಕ್ಷಾರ್ಹ. ಮುಂದಿನವರು ಚಿತ್ರಗಳ ಮೇಲೆ ಸುಣ್ಣ ಬಳಿದರು, ಮತ್ತೆ ಬಳಿದರು. 1964ರಲ್ಲಿ ಆ ಪದರದ ಅಡಿಯಿಂದ ಚಿತ್ರಗಳು ಹೊರಬಂದವು. ಮುಚ್ಚಿದ ಸುಣ್ಣವೇ ಅವನ್ನು ಅಷ್ಟು ಕಾಲ ಕಾಪಾಡಿತ್ತು. ಜೈಲು ಮುಚ್ಚುವ ಹೊತ್ತಿಗೆ ಬರೆಯುವ ನಿಷೇಧವೂ ಸಡಿಲವಾಗಿತ್ತು. ಆಗ ಕೈದಿಗಳು, ಅವರಲ್ಲಿ ಮೂಲನಿವಾಸಿಗಳೂ, ಬಿಡಿಸಿದ ಚಿತ್ರಗಳು ಈಗಲೂ ಗೋಡೆಗಳ ಮೇಲಿವೆ.

ಇಂಥ ಸುಣ್ಣಕಲ್ಲಿನ ಗೋಡೆಗೆ ಸಿಮೆಂಟ್ ಮೆತ್ತಿದರೆ ತೇವ ಹೊರಹೋಗಲಾರದೆ ಒಳಗೇ ಕೂತು, ಉಪ್ಪು ಹರಳುಗಟ್ಟಿ ಕಲ್ಲನ್ನು ಸೀಳುತ್ತದೆ. ಹಾಗಾಗಿ ರಿಪೇರಿಗೆ ಸುಣ್ಣದ ಗಾರೆಯೇ ಬೇಕು. 2010ರಿಂದ ಇದು ವಿಶ್ವ ಪರಂಪರೆಯ ತಾಣ. ಪರ್ತ್‌ನಿಂದ ರೈಲಿನಲ್ಲಿ ಅರ್ಧ ಗಂಟೆ. ಹೆಂಗಸರ ಜೈಲಾಗಿದ್ದ ಭಾಗ ಈಗ ಹಾಸ್ಟೆಲ್, ರಾತ್ರಿ ಅಲ್ಲೇ ತಂಗಬಹುದು.