ಜಮಾಬಂದಿಗೆ ಬನ್ನಿ

ಕೇಳುಗರೇ, ನಮಸ್ಕಾರ.

18 ತುಂಬಿದರೆ ಓಟು ಹಾಕಬಹುದು. 21 ತುಂಬಿದರೆ ಗ್ರಾಮ ಪಂಚಾಯಿತಿ ಚುನಾವಣೆಗೇ ನಿಲ್ಲಬಹುದು. ಶಾಸಕರಾಗಬೇಕಾದರೆ 25ರ ತನಕ ಕಾಯಬೇಕು, ಪಂಚಾಯಿತಿಗೆ ಅಷ್ಟು ಕಾಯಬೇಕಿಲ್ಲ. ಸುಮಾರು 400 ಜನಕ್ಕೆ ಒಬ್ಬ ಸದಸ್ಯ. ಪಕ್ಷದ ಚಿಹ್ನೆ ಇಲ್ಲ, ಟಿಕೆಟ್‌ಗಾಗಿ ಯಾರ ಮನೆ ಬಾಗಿಲು ಕಾಯುವ ಕೆಲಸವೂ ಇಲ್ಲ. ಆದರೂ ಚುನಾವಣೆ ಬಂದಾಗ ನಮ್ಮ ಹುಡುಗರು ಎಲ್ಲಿರುತ್ತಾರೆ? ಯಾರದೋ ಬೈಕ್ ರ್‍ಯಾಲಿಯಲ್ಲಿ ಇರುತ್ತಾರೆ, ಇಲ್ಲವೇ ಯಾರದೋ ಫ್ಲೆಕ್ಸ್ ಕಟ್ಟುತ್ತಿರುತ್ತಾರೆ. ಫಲಿತಾಂಶದ ದಿನ ಗುಲಾಲು ಎರಚಿದರೆ ಅವರ ಕೆಲಸ ಮುಗಿಯಿತು. ಇದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಯುವಕರು ರಾಜಕೀಯಕ್ಕೆ ಬರಬೇಕು ಅಂತ ಭಾಷಣದಲ್ಲಿ ಎಲ್ಲರೂ ಹೇಳುತ್ತಾರೆ. ಎಲ್ಲಿಂದ ಶುರು ಮಾಡಬೇಕು ಅಂತ ಹೇಳುವವರು ಕಡಿಮೆ. ನನ್ನನ್ನು ಕೇಳಿದರೆ, ಜಮಾಬಂದಿಯಿಂದ ಶುರು ಮಾಡಿ.

ವರ್ಷಕ್ಕೊಮ್ಮೆ, ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ, ಪಂಚಾಯಿತಿಯ ಹಿಂದಿನ ವರ್ಷದ ಲೆಕ್ಕವನ್ನು ಊರವರ ಮುಂದೆ ಇಡಬೇಕು. ಇದೇ ಜಮಾಬಂದಿ. ಮನೆ ಕಂದಾಯ ಎಷ್ಟು ಬಂತು, ಸರ್ಕಾರದಿಂದ ಎಷ್ಟು ಬಂತು, ಯಾವ ಕೆಲಸಕ್ಕೆ ಎಷ್ಟು ಹೋಯಿತು, ಎಲ್ಲವೂ ಅಲ್ಲಿರುತ್ತದೆ. ಕಡತ ನೋಡಿದ ಮೇಲೆ ಕಾಮಗಾರಿಯ ಜಾಗಕ್ಕೂ ಹೋಗಿ ನೋಡುವ ಕ್ರಮ ಇದೆ.

ಒಂದು ಚರಂಡಿಯನ್ನೇ ತೆಗೆದುಕೊಳ್ಳಿ. ಅದರ ಕಡತದಲ್ಲಿ ಅಂದಾಜು ಪಟ್ಟಿ, ಬಿಲ್ಲು, ಕಾಮಗಾರಿಗೆ ಮೊದಲು ಮತ್ತು ಆಮೇಲೆ ತೆಗೆದ ಫೋಟೊ ಇರಬೇಕು. ಜೊತೆಗೆ ಅಳತೆ ಪುಸ್ತಕ, ಅಂದರೆ ಎಲ್ಲರೂ ಎಂ.ಬಿ. ಅನ್ನುವ ಪುಸ್ತಕ. ಉದ್ದ, ಅಗಲ, ಆಳ ಎಲ್ಲ ಅದರಲ್ಲಿ ಬರೆದಿರುತ್ತದೆ. ಊರಲ್ಲಿ ಡಿಪ್ಲೊಮಾ ಸಿವಿಲ್ ಓದಿದ ಹುಡುಗ ಒಬ್ಬನಾದರೂ ಇದ್ದೇ ಇರುತ್ತಾನೆ, ಅಲ್ವಾ? ಅವನು ಆ ಪುಟ ಓದಲಿ. ಇನ್ನಿಬ್ಬರು ಟೇಪು ಹಿಡಿದು ಚರಂಡಿ ಹತ್ತಿರ ಹೋಗಲಿ. ಪುಸ್ತಕದ ಅಳತೆಗೂ ನೆಲದ ಅಳತೆಗೂ ತಾಳೆಯಾದರೆ ಸಂತೋಷ, ಎಂಜಿನಿಯರಿಗೆ ಒಂದು ನಮಸ್ಕಾರ ಹೇಳಿ ಬನ್ನಿ. ಆಗದಿದ್ದರೆ ಜಗಳ ಬೇಡ, ಕೂಗಾಟ ಬೇಡ. ವ್ಯತ್ಯಾಸವನ್ನು ಜಮಾಬಂದಿ ವರದಿಯಲ್ಲಿ ಬರೆಸಿ. ಹೀಗೆ ಒಂದು ಕಡತವನ್ನು ಪೂರ್ತಿ ನೋಡಿದ ಹುಡುಗನಿಗೆ ಪಂಚಾಯಿತಿ ಹೇಗೆ ನಡೆಯುತ್ತದೆ ಅನ್ನುವುದು ಹತ್ತು ಸಮಾವೇಶಕ್ಕಿಂತ ಚೆನ್ನಾಗಿ ಗೊತ್ತಾಗುತ್ತದೆ. ನಾಳೆ ಅವನೇ ಸದಸ್ಯನಾದರೆ, ಕಣ್ಣು ಮುಚ್ಚಿ ಸಹಿ ಹಾಕುವುದಿಲ್ಲ.

ಹುಡುಗಿಯರ ವಿಷಯಕ್ಕೆ ಬರುತ್ತೇನೆ. 1983ರ ಕಾಯ್ದೆಯಂತೆ, ಆಗ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಕಾಲದಲ್ಲಿ, ಈಗಿನ ಗ್ರಾಮ ಪಂಚಾಯಿತಿಗೂ ಮುಂಚಿನ ಮಂಡಲ ಪಂಚಾಯಿತಿ ಬಂದಾಗ ಮಹಿಳೆಯರಿಗೆ ಶೇ 25 ಸ್ಥಾನ ಮೀಸಲಿತ್ತು. ಈಗ ಅರ್ಧಕ್ಕರ್ಧ. ಆದರೂ ಎಷ್ಟೋ ಕಡೆ ಅಧ್ಯಕ್ಷೆಯ ಕುರ್ಚಿ ಪಕ್ಕದಲ್ಲಿ ಗಂಡನದೊಂದು ಕುರ್ಚಿ ಇರುತ್ತದೆ. ಇನ್ನೊಂದು ತೊಡಕೂ ಇದೆ. ತವರಿನಲ್ಲಿ ಗ್ರಾಮಸಭೆಗೆ ಹೋಗಿ ಮಾತಾಡುತ್ತಿದ್ದ ಹುಡುಗಿ ಮದುವೆಯಾಗಿ ಬೇರೆ ಊರಿಗೆ ಹೋಗುತ್ತಾಳೆ. ಅಲ್ಲಿ ಪಡಿತರ ಚೀಟಿಗೆ ಬೇಗ ಹೆಸರು ಸೇರಿಸುತ್ತಾರೆ, ಮತದಾರರ ಪಟ್ಟಿಗೆ ಮಾತ್ರ ಯಾರಿಗೂ ಅವಸರ ಇರುವುದಿಲ್ಲ. ಆ ಪಂಚಾಯಿತಿಯ ಪಟ್ಟಿಯಲ್ಲಿ ಹೆಸರಿಲ್ಲದವಳು ಅಲ್ಲಿ ಚುನಾವಣೆಗೆ ನಿಲ್ಲುವಂತಿಲ್ಲ. ತಂಗಿಯರೇ, ಹೆಸರು ಬದಲಾಯಿಸುವ ಅರ್ಜಿಯನ್ನು ನೀವೇ ಕೊಡಿ. ಹೊಸದಾಗಿ 18 ತುಂಬಿದವರಿಗೂ ಈಗ ಅನುಕೂಲ ಜಾಸ್ತಿ. ಮೊದಲು ಪಟ್ಟಿಗೆ ಸೇರಲು ಜನವರಿ 1ಕ್ಕೆ 18 ತುಂಬಿದೆಯೇ ಅನ್ನುವ ಲೆಕ್ಕ ಒಂದೇ ಇತ್ತು. ಈಗ ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಕುಗಳೂ ಲೆಕ್ಕಕ್ಕೆ ಬರುತ್ತವೆ.

ಹುಡುಗರು ಗ್ರಾಮಸಭೆಗೆ ಬರಲ್ಲ ಅಂತ ಹಿರಿಯರು ದೂರುತ್ತಾರೆ. ಸ್ವಲ್ಪ ನ್ಯಾಯವಾಗಿ ಯೋಚಿಸೋಣ. ಸಭೆ ಇಡುವುದು ವಾರದ ದಿನ, ಬೆಳಿಗ್ಗೆ 11 ಗಂಟೆಗೆ. ಆ ಹೊತ್ತಿಗೆ ಒಬ್ಬ ಕಾಲೇಜಿನಲ್ಲಿ, ಒಬ್ಬಳು ಗಾರ್ಮೆಂಟ್ಸ್‌ನಲ್ಲಿ, ಇನ್ನೊಬ್ಬ ಬೆಂಗಳೂರಿನಲ್ಲಿ. ಭಾನುವಾರ ಇಡಲಿ. ನೋಟಿಸ್ ಬೋರ್ಡಿಗೆ ಚೀಟಿ ಅಂಟಿಸಿ ಕೈತೊಳೆದುಕೊಳ್ಳದೆ, ಊರಿನ ವಾಟ್ಸಾಪ್ ಗುಂಪಿಗೂ ಹಾಕಲಿ. ಇದಕ್ಕೆ ಹಣವೇನೂ ಖರ್ಚಾಗುವುದಿಲ್ಲ.

ಸಭೆಗೆ ಹೋದವರಿಗೆ ಒಂದು ಮಾತು. ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಎದ್ದು ಬಂದುಬಿಡಬೇಡಿ. ಕೊನೆಯ ತನಕ ಕೂತು, ನಡಾವಳಿಯಲ್ಲಿ ಏನು ಬರೆದಿದ್ದೀರಿ ಓದಿ ಹೇಳಿ ಅಂತ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅವರನ್ನು ಕೇಳಿ. ನೀವು ಕೇಳಿದ ಬೀದಿದೀಪ, ನಲ್ಲಿ ನೀರು, ಗ್ರಂಥಾಲಯದ ಪುಸ್ತಕ ಅದರಲ್ಲಿ ಇಲ್ಲದಿದ್ದರೆ ಅಲ್ಲೇ, ಆಗಲೇ ಬರೆಸಿ.

ನಮಸ್ಕಾರ.