ಓದಿದ್ದು ಅರ್ಥವಾಯಿತೆ? ಪ್ರಾಥಮಿಕ ಶಾಲೆಯ ಮಕ್ಕಳ ಓದನ್ನು ಅಳೆಯುವ ಬಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮೂರನೆಯ ತರಗತಿಯ ಮಗುವಿನ ಕೈಗೆ ಕನ್ನಡ ಪಠ್ಯಪುಸ್ತಕ ಕೊಟ್ಟು ಓದಲು ಹೇಳಿದರೆ, ಎಲ್ಲೂ ತಡವರಿಸದೆ, ಒತ್ತಕ್ಷರಗಳಲ್ಲೂ ಎಡವದೆ, ಅದು ಪುಟ ಮುಗಿಸಿಬಿಡಬಹುದು. ಕೇಳಿದ ದೊಡ್ಡವರಿಗೆ ಸಂತೋಷವಾಗುತ್ತದೆ. ಆದರೆ ಪುಸ್ತಕ ಮುಚ್ಚಿಸಿ, ‘ಇದರಲ್ಲಿ ಏನಾಯಿತು, ನಿನ್ನ ಮಾತಲ್ಲೇ ಹೇಳು’ ಎಂದು ಕೇಳಿದಾಗ ಅದೇ ಮಗು ಸುಮ್ಮನೆ ನಿಂತುಬಿಡುವುದೂ ಉಂಟು. ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಓದು ಬರುತ್ತದೆಯೇ ಎಂಬ ಪ್ರಶ್ನೆಯನ್ನು ನಾವು ಬಹಳ ಕಾಲದಿಂದ ಕೇಳುತ್ತಿದ್ದೇವೆ. ಓದಿದ್ದು ಅರ್ಥವಾಗುತ್ತದೆಯೇ ಎಂಬ ಪ್ರಶ್ನೆಯನ್ನು ಕೇಳುವುದು ಕಡಿಮೆ, ಕೇಳಿದರೂ ಅದರ ಉತ್ತರವನ್ನು ಕಂಡುಕೊಳ್ಳುವ ಬಗೆ ನಮಗೆ ಇನ್ನೂ ಸರಿಯಾಗಿ ಒಗ್ಗಿಲ್ಲ. ಇಂದಿನ ಮಾತು ಆ ಬಗೆಯನ್ನು ಕುರಿತದ್ದು.

ಓದಿನ ಪರೀಕ್ಷೆ ನಮ್ಮಲ್ಲಿ ಇಲ್ಲವೆಂದಲ್ಲ. ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆಯ ನೇತೃತ್ವದಲ್ಲಿ 2005ರಲ್ಲಿ ಆರಂಭವಾದ ಅಸರ್ ಸಮೀಕ್ಷೆಯಲ್ಲಿ ಸ್ವಯಂಸೇವಕರು ಗ್ರಾಮೀಣ ಭಾರತದ ಮನೆಮನೆಗೆ ಹೋಗಿ, ಅಕ್ಷರ, ಪದ, ಒಂದನೆಯ ತರಗತಿಯ ಮಟ್ಟದ ಚಿಕ್ಕ ಪ್ಯಾರಾ, ಎರಡನೆಯ ತರಗತಿಯ ಮಟ್ಟದ ಕಥೆ, ಇವುಗಳಲ್ಲಿ ಮಗು ಯಾವುದನ್ನು ಓದಬಲ್ಲದು ಎಂದು ಗುರುತಿಸುತ್ತಾರೆ. ಆ ಸಮೀಕ್ಷೆ ದೇಶದ ಕಣ್ಣು ತೆರೆಸಿದೆ. ಆದರೆ ಅದರ ಮೂಲ ಉಪಕರಣ ನೋಡುವುದು ಬರಹವನ್ನು ಓದಿ ಹೇಳುವ ಶಕ್ತಿಯನ್ನು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ನಿಪುಣ್ ಭಾರತ್ ಕಾರ್ಯಕ್ರಮ, ಮೂರನೆಯ ತರಗತಿ ಮುಗಿಸುವ ಮಗು ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಅರ್ಥಸಹಿತ ಓದಬೇಕು ಎಂಬ ಗುರಿಯನ್ನು ಇಟ್ಟಿತು. ಈ ಗುರಿಯಲ್ಲಿ 60 ಎಂಬ ಸಂಖ್ಯೆಯನ್ನು ಕೈಗಡಿಯಾರ ಹಿಡಿದು ಯಾರು ಬೇಕಾದರೂ ಎಣಿಸಬಹುದು. ‘ಅರ್ಥಸಹಿತ’ ಎಂಬ ಭಾಗವನ್ನು ಎಣಿಸುವುದು ಹೇಗೆಂದು ಶಿಕ್ಷಕರು ತಾವೇ ಯೋಚಿಸಬೇಕಾಗುತ್ತದೆ. ಎಣಿಸಲು ಸುಲಭವಾದದ್ದೇ ಕೊನೆಗೆ ಗುರಿಯ ಜಾಗದಲ್ಲಿ ಬಂದು ಕೂರುತ್ತದೆ ಎಂಬ ಆತಂಕ ನನಗಿದೆ.

ಶಾಲೆಯ ಕಿರುಪರೀಕ್ಷೆಗಳಲ್ಲಿ ನಾವು ಪ್ರಶ್ನೆಗಳನ್ನು ಕೇಳುತ್ತೇವಲ್ಲ, ಅದು ಸಾಲದೇ ಎಂದು ಕೆಲವರಿಗೆ ಅನ್ನಿಸಬಹುದು. ನಾನೀಗ ಒಂದು ವಾಕ್ಯವನ್ನು ಹೇಳುತ್ತೇನೆ, ನಿಧಾನವಾಗಿ ಕೇಳಿ. ‘ಟಿಮುಳೆಯು ಗೊಂಬರಿನಲ್ಲಿ ಮಿಬ್ಬೆಯನ್ನು ದುಲುಕಿಸಿತು.’ ಈಗ ಪ್ರಶ್ನೆ: ಟಿಮುಳೆಯು ಮಿಬ್ಬೆಯನ್ನು ಎಲ್ಲಿ ದುಲುಕಿಸಿತು? ಗೊಂಬರಿನಲ್ಲಿ. ಗೊಂಬರಿನಲ್ಲಿ ಮಿಬ್ಬೆಯನ್ನು ದುಲುಕಿಸಿದ್ದು ಯಾವುದು? ಟಿಮುಳೆ. ಎರಡಕ್ಕೂ ಪೂರ್ಣ ಅಂಕ. ಆದರೆ ಈ ಪದಗಳಲ್ಲಿ ಯಾವುದಕ್ಕೂ ಅರ್ಥವಿಲ್ಲ. ಈ ಮಾತಿಗಾಗಿಯೇ ನಾನು ಕಟ್ಟಿದ ಪದಗಳು ಅವು. ನಮ್ಮ ವಿಭಕ್ತಿ ಪ್ರತ್ಯಯಗಳು ದಾರಿಯನ್ನು ಇಷ್ಟು ಸ್ಪಷ್ಟವಾಗಿ ತೋರಿಸುತ್ತವೆ. ‘ಎಲ್ಲಿ’ ಎಂದು ಕೇಳಿದರೆ ‘ಅಲ್ಲಿ’ ಎಂದು ಮುಗಿಯುವ ಪದವನ್ನು ಹುಡುಕಬೇಕು, ‘ಏನನ್ನು’ ಎಂದು ಕೇಳಿದರೆ ‘ಅನ್ನು’ ಎಂದು ಮುಗಿಯುವುದನ್ನು. ಚುರುಕಾದ ಮಗು ಈ ಉಪಾಯವನ್ನು ಬೇಗ ಕಲಿತುಬಿಡುತ್ತದೆ. ‘ಒಂದು ವಾಕ್ಯದಲ್ಲಿ ಉತ್ತರಿಸಿ’, ‘ಬಿಟ್ಟ ಸ್ಥಳ ತುಂಬಿರಿ’ ಎಂಬ ನಮ್ಮ ಅಭ್ಯಾಸಗಳಲ್ಲಿ ಬಹುಪಾಲನ್ನು ಪಾಠ ಅರ್ಥವಾಗದೆಯೂ ಹೀಗೆ ಬರೆದು ಮುಗಿಸಬಹುದು. ಅದರ ಮೇಲೆ, ಪಾಠವೂ ಪ್ರಶ್ನೋತ್ತರವೂ ತರಗತಿಯಲ್ಲಿ ಹತ್ತಾರು ಸಲ ಹೇಳಿಸಿ ಬಾಯಿಪಾಠವಾಗಿರುತ್ತವೆ. ಆದ್ದರಿಂದ ಅರ್ಥಗ್ರಹಣವನ್ನು ನೋಡಬೇಕಾದರೆ ಮಗು ಹಿಂದೆ ಕಂಡಿರದ ಬರಹವೇ ಬೇಕು. ಅಪಠಿತ ಗದ್ಯವನ್ನು ಪ್ರೌಢಶಾಲೆಯವರೆಗೆ ಕಾಯಿಸದೆ ಎರಡನೆಯ ತರಗತಿಯಿಂದಲೇ, ನಾಲ್ಕೈದು ಸಾಲಿನದಾದರೂ ಸರಿ, ಕೊಡಬೇಕು.

ಅಂಥ ನಾಲ್ಕೈದು ಸಾಲು ಹೀಗಿರಬಹುದು. ‘ಅಜ್ಜಿ ಅಂಗಳದಲ್ಲಿ ಚಾಪೆ ಹಾಸಿ ಹಪ್ಪಳ ಒಣಗಲು ಹಾಕಿದಳು. ರಾಜಿಯನ್ನು ಪಕ್ಕದಲ್ಲಿ ಕೂರಿಸಿ, ಅವಳ ಕೈಗೆ ಒಂದು ಕೋಲು ಕೊಟ್ಟು ಒಳಗೆ ಹೋದಳು. ಮಧ್ಯಾಹ್ನದ ಹೊತ್ತಿಗೆ ಆಕಾಶ ಕಪ್ಪಾಯಿತು. ರಾಜಿ, ಅಜ್ಜೀ ಬೇಗ ಬಾ ಎಂದು ಕೂಗಿದಳು. ಇಬ್ಬರೂ ಚಾಪೆಯ ಎರಡು ತುದಿ ಹಿಡಿದುಕೊಂಡು ಓಡಿದರು.’

ಅಜ್ಜಿ ಹಪ್ಪಳವನ್ನು ಎಲ್ಲಿ ಹಾಕಿದಳು ಎಂಬುದು ಮೊದಲ ಪ್ರಶ್ನೆಯಾಗಿರಲಿ, ಮಗುವಿಗೆ ಧೈರ್ಯ ಬರಲು ಅದು ಬೇಕು. ಎರಡನೆಯದು: ಒಳಗೆ ಹೋದದ್ದು ಯಾರು? ಇದು ಸುಲಭವಾಗಿ ಕಾಣುತ್ತದೆ, ಆದರೆ ಅಷ್ಟು ಸುಲಭವಲ್ಲ. ಕನ್ನಡದಲ್ಲಿ ಕರ್ತೃಪದವನ್ನು ಬಿಟ್ಟು ವಾಕ್ಯ ಕಟ್ಟುವುದು ವಾಡಿಕೆ. ‘ಹೋದಳು’ ಎಂಬ ಕ್ರಿಯಾಪದ ಹೆಣ್ಣು ಎಂದಷ್ಟೇ ತಿಳಿಸುತ್ತದೆ, ಇಲ್ಲಿ ಇಬ್ಬರೂ ಹೆಣ್ಣುಮಕ್ಕಳೇ. ವಾಕ್ಯದಲ್ಲಿ ಹೆಸರು ಇರುವುದು ರಾಜಿಯದು ಮಾತ್ರ, ಹಾಗಾಗಿ ಪದ ಹುಡುಕುವ ಮಗು ‘ರಾಜಿ’ ಎನ್ನುತ್ತದೆ. ಹಿಂದಿನ ವಾಕ್ಯವನ್ನು ಮನಸ್ಸಿನಲ್ಲಿ ಹಿಡಿದುಕೊಂಡು ಓದಿದ ಮಗು ‘ಅಜ್ಜಿ’ ಎನ್ನುತ್ತದೆ. ಮೂರನೆಯ ಪ್ರಶ್ನೆ, ಕೋಲು ಯಾಕೆ ಕೊಟ್ಟಳು? ಕಾಗೆಯ ಹೆಸರೂ ಕೋಳಿಯ ಹೆಸರೂ ಬರಹದಲ್ಲಿ ಇಲ್ಲ. ‘ಗಲಾಟೆ ಮಾಡಿದರೆ ಹೊಡೆಯೋಕೆ’ ಎಂದು ಒಂದು ಮಗು ಹೇಳಿದರೆ, ಅದು ಕೋಲನ್ನು ತನ್ನ ಅನುಭವಕ್ಕೆ ಸೇರಿಸಿಕೊಂಡಿದೆ, ಆದರೆ ಕೋಲು ಇದ್ದದ್ದು ರಾಜಿಯ ಕೈಯಲ್ಲಿ ಎಂಬುದನ್ನು ಗಮನಿಸಿಲ್ಲ ಎಂದು ನಮಗೆ ತಿಳಿಯುತ್ತದೆ. ರಾಜಿ ಯಾಕೆ ಕೂಗಿದಳು ಎಂಬುದು ಕೊನೆಯ ಪ್ರಶ್ನೆ. ‘ಆಕಾಶ ಕಪ್ಪಾಯಿತು, ಅದಕ್ಕೆ’ ಎಂಬ ಉತ್ತರ ಬಂದರೆ ಅಲ್ಲಿಗೆ ನಿಲ್ಲಿಸಬಾರದು. ‘ಕಪ್ಪಾದರೆ ಏನಂತೆ?’ ಎಂದು ಇನ್ನೊಂದು ಮಾತು ಕೇಳಬೇಕು. ಮಳೆ ಎಂಬ ಪದವೇ ಇಲ್ಲದ ಈ ಬರಹದಿಂದ ಮಳೆಯನ್ನು ತೆಗೆದು ತೋರಿಸುವ ಮಗು ನಿಜವಾಗಿ ಓದಿದೆ.

ಲಿಖಿತ ಪರೀಕ್ಷೆಗೆ ಈ ಎರಡನೆಯ ಮಾತನ್ನು ಕೇಳುವ ಅವಕಾಶವೇ ಇಲ್ಲ. ತಪ್ಪು ಉತ್ತರ ಕಂಡಾಗ ಕೆಂಪು ಗೆರೆ ಎಳೆದು ಮುಂದೆ ಹೋಗುತ್ತೇವೆ. ಆ ತಪ್ಪು ಹೇಗೆ ಹುಟ್ಟಿತು ಎಂಬುದು ಗೊತ್ತಾಗುವುದೇ ಇಲ್ಲ. ಚಿಕ್ಕ ಮಕ್ಕಳಲ್ಲಿ ಬರೆಯುವ ಕಷ್ಟ ಬೇರೆ ಇರುತ್ತದೆ. ಅರ್ಥವಾಗಿದ್ದರೂ ಬರೆಯಲು ಆಗದ ಮಗುವಿಗೆ ‘ಓದು ಬರುವುದಿಲ್ಲ’ ಎಂಬ ಹಣೆಪಟ್ಟಿ ಬೀಳುತ್ತದೆ. ಪ್ರಾಥಮಿಕ ಹಂತದಲ್ಲಿ, ಕನಿಷ್ಠ ನಾಲ್ಕನೆಯ ತರಗತಿಯವರೆಗೆ, ಅರ್ಥಗ್ರಹಣದ ಪರೀಕ್ಷೆ ಮೌಖಿಕವಾಗಿಯೇ ನಡೆಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೌಖಿಕವಾಗಿ ಕೇಳುವಾಗ ಮಗುವಿನ ನುಡಿಯನ್ನು ಗೌರವಿಸುವುದು ಎಲ್ಲಕ್ಕಿಂತ ಮುಖ್ಯ. ‘ಹೊರಟಿದ್ದಾರೆ’ ಎಂದು ಅಚ್ಚಾಗಿರುವುದನ್ನು ಧಾರವಾಡದ ಕಡೆಯ ಮಗು ‘ಹೊಂಟಾರ’ ಎಂದು ಓದಿದರೆ, ಅದು ತಪ್ಪು ಓದಲ್ಲ. ಬರಹದ ಅರ್ಥವನ್ನು ಹಿಡಿದು ಮನೆಯ ಮಾತಿಗೆ ತಂದುಕೊಂಡಿರುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ‘ಹಾಲು’ ಎಂಬುದನ್ನು ‘ಆಲು’ ಎಂದು ಓದಿ, ಬೆಕ್ಕು ಅದನ್ನು ಕುಡಿಯಿತು ಎಂದು ಸರಿಯಾಗಿ ಹೇಳುವ ಮಗುವಿಗೆ ಉಚ್ಚಾರಣೆಯನ್ನು ಬೇರೆ ಹೊತ್ತಿನಲ್ಲಿ ಕಲಿಸಬಹುದು, ಅರ್ಥದ ಲೆಕ್ಕದಲ್ಲಿ ಅಂಕ ಕಳೆಯಬಾರದು. ಅದೇ, ‘ಬೆಕ್ಕು ಹಾಲು ಕುಡಿಯಿತು’ ಎಂಬುದನ್ನು ‘ಬೆಕ್ಕು ಹಾಡು ಕುಡಿಯಿತು’ ಎಂದು ಓದಿ, ಏನೂ ಅನ್ನಿಸದೆ ಮುಂದುವರಿಯುವ ಮಗುವಿನ ಬಗ್ಗೆ ನಾವು ಯೋಚಿಸಬೇಕು. ಓದುತ್ತಿರುವಾಗ ಅರ್ಥ ಕೆಟ್ಟಿತು ಎಂದು ಒಳಗಿನಿಂದ ಎಚ್ಚರಿಸುವ ಶಕ್ತಿ ಅದರಲ್ಲಿ ಇನ್ನೂ ಬೆಳೆದಿಲ್ಲ. ತಾನಾಗಿ ನಿಂತು, ಹಿಂದಕ್ಕೆ ಹೋಗಿ ಸರಿಪಡಿಸಿಕೊಳ್ಳುವ ಮಗು ನಿಧಾನವಾಗಿ ಓದಿದರೂ ಮುಂದಿದೆ.

ಇನ್ನು ವೇಗದ ಮಾತು. ಕನ್ನಡದ ಲಿಪಿಯಲ್ಲಿ ವರ್ಣಮಾಲೆ 49 ಅಕ್ಷರಗಳದ್ದಾದರೂ, ಕಾಗುಣಿತ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನಾನೂರನ್ನು ಮೀರುತ್ತವೆ, ಒತ್ತಕ್ಷರಗಳು ಅದರ ಮೇಲೆ. ಕನ್ನಡ ಓದಿನ ಆರಂಭವನ್ನು ಕುರಿತು ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ, ಅಕ್ಷರಜ್ಞಾನ ಗಟ್ಟಿಯಾಗಲು ಕನ್ನಡದ ಮಕ್ಕಳಿಗೆ ನಾಲ್ಕನೆಯ ತರಗತಿಯವರೆಗೂ ಸಮಯ ಹಿಡಿಯುತ್ತದೆ ಎಂದು ತೋರಿಸಿತು. ಜೊತೆಗೆ ನಮ್ಮ ಪದಗಳು ಉದ್ದ. ‘ಮನೆಯಲ್ಲಿದ್ದವರಿಗೆಲ್ಲ’ ಎಂಬುದು ನಮಗೆ ಒಂದೇ ಪದ; ಇಂಗ್ಲಿಷಿನಲ್ಲಿ ಅದನ್ನು ಹೇಳಲು ನಾಲ್ಕೈದು ಪದ ಬೇಕು. ಹೀಗಿರುವಾಗ ಎಲ್ಲ ಭಾಷೆಗಳಿಗೂ ನಿಮಿಷಕ್ಕೆ ಇಷ್ಟೇ ಪದ ಎಂಬ ಒಂದೇ ಅಳತೆ ನ್ಯಾಯವಾಗದು. ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿ, ಅಂದರೆ ಎನ್‌ಸಿಇಆರ್‌ಟಿ, 2022ರಲ್ಲಿ ಮೂರನೆಯ ತರಗತಿಯ ಮಕ್ಕಳ ಬುನಾದಿ ಕಲಿಕೆಯನ್ನು ಕುರಿತು ನಡೆಸಿದ ಅಧ್ಯಯನ 20 ಭಾಷೆಗಳಿಗೆ ಬೇರೆ ಬೇರೆ ಮಾನದಂಡಗಳನ್ನು ಗೊತ್ತುಮಾಡಿದ್ದು, ಅರ್ಥವನ್ನೂ ಕೂಡಿಸಿಕೊಂಡು ಓದನ್ನು ನೋಡಿದ್ದು ಈ ಕಾರಣಕ್ಕೆ ಸರಿಯಾದ ಹೆಜ್ಜೆ.

ಮಗುವಿಗೆ ಅರ್ಥವಾಗಲಿಲ್ಲ ಎಂದು ತಿಳಿದ ಮೇಲೆ, ಯಾಕೆ ಆಗಲಿಲ್ಲ ಎಂಬುದನ್ನು ತಿಳಿಯಲು ಒಂದು ಸರಳ ಉಪಾಯವಿದೆ. ಗಫ್ ಮತ್ತು ಟನ್ಮರ್ ಎಂಬ ವಿದ್ವಾಂಸರು 1986ರಲ್ಲಿ ಒಂದು ಮಾತು ಹೇಳಿದರು: ಓದಿನ ಅರ್ಥಗ್ರಹಣವೆಂದರೆ ಬರಹವನ್ನು ಬಿಡಿಸುವ ಶಕ್ತಿ ಮತ್ತು ಆಡಿದ ಮಾತನ್ನು ತಿಳಿಯುವ ಶಕ್ತಿ, ಇವೆರಡರ ಗುಣಲಬ್ಧ. ಒಂದು ಸೊನ್ನೆಯಾದರೆ ಫಲವೂ ಸೊನ್ನೆ. ಆದ್ದರಿಂದ ಅದೇ ಮಟ್ಟದ ಇನ್ನೊಂದು ಗದ್ಯವನ್ನು ಶಿಕ್ಷಕರೇ ಗಟ್ಟಿಯಾಗಿ ಓದಿ ಹೇಳಿ, ಅಂಥದೇ ಪ್ರಶ್ನೆಗಳನ್ನು ಕೇಳಬೇಕು. ಕೇಳಿದಾಗ ಅರ್ಥವಾಗಿ, ತಾನೇ ಓದಿದಾಗ ಆಗದಿದ್ದರೆ ಆ ಮಗುವಿಗೆ ಅಕ್ಷರ, ಕಾಗುಣಿತಗಳ ಅಭ್ಯಾಸ ಬೇಕು. ಕೇಳಿದಾಗಲೂ ಅರ್ಥವಾಗದಿದ್ದರೆ ಎಷ್ಟು ಕಾಗುಣಿತ ಬರೆಸಿದರೂ ಪ್ರಯೋಜನವಿಲ್ಲ. ಅದಕ್ಕೆ ಬೇಕಾದದ್ದು ಕನ್ನಡದ ಮಾತು, ಕಥೆ, ಸಂಭಾಷಣೆ. ಲಂಬಾಣಿ ತಾಂಡಾದಿಂದ ಬರುವ ಮಗು, ಬಳ್ಳಾರಿಯ ಗಡಿಯಲ್ಲಿ ಮನೆಯಲ್ಲಿ ತೆಲುಗಾಡುವ ಮಗು, ಕಾಸರಗೋಡಿನ ಕನ್ನಡ ಶಾಲೆಗೆ ತುಳುವಿನ ಅಥವಾ ಮಲಯಾಳದ ಮನೆಯಿಂದ ಬರುವ ಮಗು, ಇವರೆಲ್ಲ ಅಕ್ಷರವನ್ನು ಚೆನ್ನಾಗಿ ಕಲಿತು, ನಿರರ್ಗಳವಾಗಿ ಓದಿ, ಅರ್ಥದಲ್ಲಿ ಹಿಂದುಳಿಯಬಹುದು. ಇಂಥ ಮಗು ಕಥೆಯನ್ನು ತನ್ನ ಮನೆಯ ಭಾಷೆಯಲ್ಲಿ ಹೇಳಲು ಬಿಡಿ. ಶಿಕ್ಷಕರಿಗೆ ಆ ಭಾಷೆ ಬಾರದಿದ್ದರೆ ಹಿರಿಯ ತರಗತಿಯ ಅಕ್ಕನೋ ಅಣ್ಣನೋ ಪಕ್ಕದಲ್ಲಿ ಕೂತು ತಿಳಿಸಬಹುದು.

ಗದ್ಯದ ವಿಷಯವೂ ಮಗುವಿಗೆ ತಿಳಿದದ್ದಾಗಿರಬೇಕು. ಅಮೆರಿಕದಲ್ಲಿ ರೆಕ್ಟ್ ಮತ್ತು ಲೆಸ್ಲಿ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಓದಿನಲ್ಲಿ ಹಿಂದಿದ್ದರೂ ಬೇಸ್‌ಬಾಲ್ ಆಟವನ್ನು ಬಲ್ಲ ಮಕ್ಕಳು, ಆ ಆಟದ ವಿವರಣೆಯನ್ನು ಓದಿ ಹೇಳುವುದರಲ್ಲಿ ಆಟ ಗೊತ್ತಿಲ್ಲದ ಒಳ್ಳೆಯ ಓದುಗರನ್ನು ಮೀರಿಸಿದರು. ಜೋಳದ ಸೀತನಿಯ ಬಗ್ಗೆ ಬರೆದ ಗದ್ಯ ವಿಜಯಪುರದ ಮಗುವಿಗೆ ಸಲೀಸು, ಸುಳ್ಯದ ಮಗುವಿಗೆ ಕಗ್ಗಂಟು. ಅಡಕೆ ಸುಲಿಯುವ ಗದ್ಯ ಕೊಟ್ಟರೆ ಇದು ತಿರುಗುಮುರುಗು. ರಾಜ್ಯಕ್ಕೆಲ್ಲ ಒಂದೇ ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರು ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಲು ಸಮಯವೆಲ್ಲಿದೆ ಎಂದು ಶಿಕ್ಷಕ ಬಂಧುಗಳು ಕೇಳುವುದು ನ್ಯಾಯವೇ. ಒಂದರಿಂದ ಮೂರರವರೆಗಿನ ಮಕ್ಕಳು ಒಟ್ಟಿಗೆ ಕೂತು ಚಟುವಟಿಕೆ, ಕಾರ್ಡುಗಳ ಮೂಲಕ ಕಲಿಯುವ ನಲಿಕಲಿ ಪದ್ಧತಿಯ ಕೊಠಡಿ, ಬಿಸಿಯೂಟದ ಲೆಕ್ಕ, ಇಲಾಖೆಗೆ ಕಳಿಸಬೇಕಾದ ಮಾಹಿತಿ, ಇವೆಲ್ಲದರ ನಡುವೆ ಇದು ಹೊಸ ಹೊರೆಯಂತೆ ಕಾಣುತ್ತದೆ. ಆದರೆ ಒಂದು ಮಗುವಿಗೆ ಬೇಕಾದದ್ದು ಐದರಿಂದ ಏಳು ನಿಮಿಷ. ದಿನಕ್ಕೆ ಇಬ್ಬರಂತೆ ಕರೆದರೆ 30 ಮಕ್ಕಳನ್ನು 15 ಶಾಲಾ ದಿನಗಳಲ್ಲಿ ಕೇಳಿ ಮುಗಿಸಬಹುದು. ನಲಿಕಲಿಯ ಗುಂಪುಗಳಲ್ಲಿ ಉಳಿದ ಮಕ್ಕಳು ತಮ್ಮ ಕಾರ್ಡುಗಳ ಕೆಲಸದಲ್ಲಿರುವಾಗ ಇದಕ್ಕೆ ಎಡೆಯಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಈ ಪದ್ಧತಿ ಹುಟ್ಟಿದಾಗ ಅದರ ಜೀವವೇ, ಪ್ರತಿ ಮಗು ತನ್ನ ವೇಗದಲ್ಲಿ ಸಾಗಬೇಕು, ಶಿಕ್ಷಕರು ಪಕ್ಕದಲ್ಲಿ ಕೂತು ನೋಡಬೇಕು ಎಂಬುದಾಗಿತ್ತು. ಬರೆದಿಡಲು ಒಂದು ನೋಟ್‌ಬುಕ್ಕು ಸಾಕು. ಅಂಕಕ್ಕಿಂತ, ‘ಒಳಗೆ ಹೋದದ್ದು ರಾಜಿ ಎಂದಳು, ಮಳೆಯನ್ನು ತಾನೇ ಹೇಳಿದಳು’ ಎಂಬಂಥ ಒಂದು ಸಾಲು ಮುಂದಿನ ತಿಂಗಳು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಶಾಲೆಗೆ ಬರುವ ಸಿಆರ್‌ಪಿಗಳು, ಅಂದರೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು, ಅಂಕಪಟ್ಟಿಯ ಜೊತೆಗೆ ಈ ನೋಟ್‌ಬುಕ್ಕನ್ನೂ ಕೇಳಿ ಓದುವಂತಾದರೆ ಕೆಲಸಕ್ಕೆ ಬೆಲೆ ಬರುತ್ತದೆ.

ಅಳೆಯುವುದನ್ನೇ ಕಲಿಸುವುದೆಂದು ತಿಳಿಯುವ ಅಪಾಯವೂ ಇದೆ. ಡೊಲೊರೆಸ್ ಡರ್ಕಿನ್ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದ ಕೊನೆಯಲ್ಲಿ ನಾಲ್ಕನೆಯ ತರಗತಿಯ ಓದಿನ ಪಾಠಗಳನ್ನು 4,469 ನಿಮಿಷಗಳ ಕಾಲ ಕೂತು ಗಮನಿಸಿದರು; ಅದರಲ್ಲಿ ಅರ್ಥಗ್ರಹಣವನ್ನು ಕಲಿಸಲು ಬಳಕೆಯಾದದ್ದು ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಸಮಯ. ಪ್ರಶ್ನೆ ಕೇಳಿ ಉತ್ತರ ಸರಿಯೋ ತಪ್ಪೋ ಎಂದು ಹೇಳುವುದಕ್ಕೆ ಅದಕ್ಕಿಂತ ಎಷ್ಟೋ ಹೆಚ್ಚು ಸಮಯ ಹೋಗಿತ್ತು. ‘ಕಪ್ಪಾದರೆ ಏನಂತೆ?’ ಎಂಬ ಪ್ರಶ್ನೆಗೆ ಮಗು ತಡವರಿಸಿದರೆ, ಶಿಕ್ಷಕರು ತಾವು ಹೇಗೆ ಯೋಚಿಸಿದೆವೆಂದು ಬಾಯಿಬಿಟ್ಟು ಹೇಳಿಕೊಡಬೇಕು: ‘ಹಪ್ಪಳ ಒಣಗಲು ಬಿಸಿಲು ಬೇಕು, ಆಕಾಶ ಕಪ್ಪಾದರೆ ಮೋಡ ಬಂದಿದೆ, ಮೋಡ ಬಂದರೆ ಮಳೆ ಬರಬಹುದು, ಅದಕ್ಕೇ ಅವಳು ಕೂಗಿದ್ದು.’ ಹೀಗೆ ಮಾಡಿದಾಗ ಪರೀಕ್ಷೆ ಮುಗಿದ ಜಾಗದಲ್ಲೇ ಪಾಠ ಶುರುವಾಗುತ್ತದೆ.

ಕೊನೆಯದಾಗಿ, ಮನೆಯಲ್ಲಿ ಈ ಮಾತು ಕೇಳುತ್ತಿರುವ ತಂದೆತಾಯಂದಿರಿಗೆ, ಅದರಲ್ಲೂ ‘ನಮಗೇ ಓದಲು ಬರುವುದಿಲ್ಲ, ಮಗುವಿನ ಓದನ್ನು ನಾವೇನು ನೋಡುವುದು’ ಎಂದು ಹಿಂಜರಿಯುವವರಿಗೆ ಒಂದು ವಿನಂತಿ. ಈ ಕೆಲಸಕ್ಕೆ ನಿಮಗೆ ಅಕ್ಷರ ಬೇಕಿಲ್ಲ. ಶಾಲೆಯ ಗ್ರಂಥಾಲಯದಿಂದ ತಂದ ಚಿಕ್ಕ ಪುಸ್ತಕವನ್ನು ಮಗು ಓದಿ ಮುಗಿಸಲಿ. ಅನಂತರ ಪುಸ್ತಕವನ್ನು ಬದಿಗಿಡಿಸಿ, ರೊಟ್ಟಿ ತಟ್ಟುತ್ತಲೋ ಸೊಪ್ಪು ಬಿಡಿಸುತ್ತಲೋ, ಆ ಕಥೆಯನ್ನು ನಿಮಗೆ ಹೇಳಲು ಕೇಳಿ. ಕಥೆಯಲ್ಲಿ ಯಾವುದಾದರೂ ಕೊಂಡಿ ತಪ್ಪಿದರೆ ನಿಮಗೇ ತಿಳಿಯುತ್ತದೆ, ಏಕೆಂದರೆ ಕಥೆ ಕೇಳುವುದರಲ್ಲಿ ನೀವು ಪಳಗಿದವರು. ಆಗ ‘ಅವನು ಯಾಕೆ ಹಾಗೆ ಮಾಡಿದ?’ ಎಂದು ಕೇಳಿ. ಉತ್ತರ ಗೊತ್ತಿಲ್ಲದಿದ್ದರೆ ಮಗು ಮತ್ತೆ ಪುಸ್ತಕ ತೆರೆದು ಹುಡುಕಲಿ, ಅವಸರಪಡಿಸಬೇಡಿ.

ನಮಸ್ಕಾರ.